ಬಡ್ಡಿ ಏರಿಸಿದವರ ದನಿ

ಬೇರೆಯವರು ‘ನಾನು’ ಎಂದಾಗ ತಾನೂ ‘ನಾನು’ ಎಂದೇ ಹೇಳಬೇಕಾದ ಕೆಲಸ ಲಿಯೊನಿಲ್ಡಳದು. ಬ್ರಸೆಲ್ಸ್‌ನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅವಳು ದುಭಾಷಿ. ಸಭಾಂಗಣದ ಹಿಂಬದಿಯ ಗಾಜಿನ ಗೂಡಿನಲ್ಲಿ ಕೂತು, ಕಿವಿಗೆ ಬಿದ್ದ ಇಂಗ್ಲಿಷನ್ನೋ ಫ್ರೆಂಚನ್ನೋ ಅದೇ ಉಸಿರಿನಲ್ಲಿ ಪೋರ್ಚುಗೀಸಿಗೆ ತಿರುಗಿಸಿ ಮೈಕಿಗೆ ಒಪ್ಪಿಸಬೇಕು. ಮಂತ್ರಿ ಮಾತಾಡಿದರೆ ಅವಳೇ ಮಂತ್ರಿ, ಬೆಸ್ತ ಮಾತಾಡಿದರೆ ಅವಳೇ ಬೆಸ್ತ. ‘ಅವರು ಹೀಗನ್ನುತ್ತಿದ್ದಾರೆ’ ಎಂದು ನಡುವೆ ಗೋಡೆ ಎಬ್ಬಿಸಿಕೊಳ್ಳುವಂತಿಲ್ಲ. ಅದು ಆ ಕಸುಬಿನ ಮೊದಲ ನಿಯಮ, ಅವಳಿಗೆ ಅದರ ಬಗ್ಗೆ ಎಂದೂ ತಕರಾರಿರಲಿಲ್ಲ.

ಅವಳಿಗೆ ಹೆಚ್ಚು ಕೆಲಸ ಕೊಡುತ್ತಿದ್ದುದು ‘ಹಣ ಮತ್ತು ಸ್ಥಿರತೆ ವೇದಿಕೆ’ ಎಂಬ ಸಂಸ್ಥೆ. ಯುರೋ ಬಳಸುವ ದೇಶಗಳ ಅರ್ಥಶಾಸ್ತ್ರಜ್ಞರು, ಬ್ಯಾಂಕಿನವರು, ಪತ್ರಕರ್ತರು ತಿಂಗಳಿಗೊಮ್ಮೆ ಅಲ್ಲಿ ಸೇರಿ, ಬಡ್ಡಿ ಏರಬೇಕೋ ಇಳಿಯಬೇಕೋ ಎಂದು ವಾದಿಸುತ್ತಿದ್ದರು. ಎರಡು ಸಾವಿರದ ಇಪ್ಪತ್ಮೂರರ ಮಾರ್ಚಿನಲ್ಲಿ ಪ್ರೊಫೆಸರ್ ಆಲ್ಡೆರಿಂಕ್ ಎಂಬ ಹಿರಿಯ ಸಲಹೆಗಾರ ಅಲ್ಲಿ ಭಾಷಣ ಮಾಡಿದ. ಬೆಲೆಗಳು ಏರುತ್ತಿವೆ, ಆದ್ದರಿಂದ ಬಡ್ಡಿ ಇನ್ನೂ ಏರಬೇಕು ಎಂಬುದು ಅವನ ವಾದ. ದಕ್ಷಿಣದ ದೇಶಗಳಲ್ಲಿ ಹೆಚ್ಚಿನ ಗೃಹಸಾಲಗಳು ಬದಲಾಗುವ ಬಡ್ಡಿಯವು, ಹಾಗಾಗಿ ಅಲ್ಲಿ ಏರಿಕೆ ಬೇಗ ಮನೆಮನೆಗೂ ತಲುಪುತ್ತಿದೆ, ಇದು ಒಳ್ಳೆಯ ಸುದ್ದಿ ಎಂದ. ಆಮೇಲೆ ಕನ್ನಡಕ ತೆಗೆದು, ‘ಕುಟುಂಬಗಳಿಗೆ ನೋವಾಗುತ್ತದೆ. ಆ ನೋವೇ ಔಷಧಿ ನಾಟುತ್ತಿದೆ ಎಂಬುದಕ್ಕೆ ಗುರುತು. ಒಂದು ಬೇಸಿಗೆ ಸಮುದ್ರತೀರಕ್ಕೆ ಹೋಗದಿದ್ದರೆ ಯಾರೂ ಸಾಯುವುದಿಲ್ಲ’ ಎಂದ. ಸಭೆ ನಕ್ಕಿತು. ಲಿಯೊನಿಲ್ಡ ಅದನ್ನು ಒಳ್ಳೆಯ ಪೋರ್ಚುಗೀಸಿನಲ್ಲಿ, ಅವನ ದನಿಯ ಹದವನ್ನೂ ಬಿಡದೆ ಹೇಳಿದಳು. ತಮಾಷೆ ಕೂಡ ಸರಿಯಾಗಿಯೇ ಕೂತಿತು.

ಎರಡು ದಿನದ ನಂತರ ಆ ತುಣುಕು ಪೋರ್ಚುಗಲ್‌ನ ಟಿವಿಯಲ್ಲಿ ಬಂತು. ಮುಖ ಆಲ್ಡೆರಿಂಕನದು, ದನಿ ಲಿಯೊನಿಲ್ಡಳದು. ಸೆತೂಬಲ್‌ನ ಮೀನು ಮಾರುಕಟ್ಟೆಯ ಹಿಂದಿನ ಕಾಫಿ ಅಂಗಡಿಯಲ್ಲಿ ಕೂತಿದ್ದ ಅವಳ ತಾಯಿ ಒತೀಲಿಯಾಳನ್ನು ಪಕ್ಕದ ಮೇಜಿನವಳು ಕೇಳಿದಳಂತೆ, ಇದು ನಿಮ್ಮ ಮಗಳ ದನಿಯಲ್ಲವೇ ಎಂದು. ಒತೀಲಿಯಾ ಕಾಫಿಯನ್ನು ಅರ್ಧಕ್ಕೆ ಬಿಟ್ಟು ಮನೆಗೆ ಬಂದು ಫೋನು ಮಾಡಿದಳು.

“ನೋವೇ ಔಷಧಿ ಅಂತ ನೀನು ಹೇಳಿದ್ಯಾ?”

“ನಾನಲ್ಲಮ್ಮ, ಆ ಮನುಷ್ಯ ಹೇಳಿದ್ದು. ನಾನು ಬರೀ ನಮ್ಮ ಭಾಷೆಗೆ...”

“ದನಿ ನಿಂದು ತಾನೇ? ನಾನು ಮನೆಗೆ ಬಂದಾಗ ನಿನ್ನ ಅಣ್ಣನೂ ಟಿವೀಲಿ ಅದನ್ನೇ ನೋಡ್ತಾ ಇದ್ದ. ಚಾನೆಲ್ ಬದಲಾಯಿಸ್ಲಿಲ್ಲ. ಪೂರ್ತಿ ಕೇಳಿದ.”

ಅಷ್ಟು ಹೇಳಿ ತಾಯಿ ಫೋನಿಟ್ಟಳು.

ಅಣ್ಣ ಅದೆರಿತೋ ಕಾಗದದ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುವವನು. ಎರಡು ಸಾವಿರದ ಇಪ್ಪತ್ತರಲ್ಲಿ ಸಾಲ ಮಾಡಿ ಮೂರನೇ ಮಹಡಿಯಲ್ಲಿ ಮನೆ ಕೊಂಡಿದ್ದ. ಆಗ ಬ್ಯಾಂಕಿನ ಗುಮಾಸ್ತೆ, ಮೂಲ ಬಡ್ಡಿಯ ದರ ಸೊನ್ನೆಗಿಂತ ಕೆಳಗಿದೆ ಸಾರ್, ಇಂಥ ಕಾಲ ಮತ್ತೆ ಬರುವುದಿಲ್ಲ, ಇನ್ನು ಹತ್ತು ವರ್ಷ ಹೀಗೇ ಎಂದು ಕೈಕುಲುಕಿದ್ದಳು. ಕಾಲ ಮತ್ತೆ ಬರುವುದಿಲ್ಲ ಎಂದದ್ದು ಮಾತ್ರ ನಿಜವಾಯಿತು. ನಾನೂರ ಹನ್ನೆರಡು ಯುರೋ ಇದ್ದ ಕಂತು ಆರುನೂರ ಎಂಬತ್ತೆಂಟಾಯಿತು. ಅವನ ಸಂಬಳ ಸಾವಿರದ ನಲವತ್ತು. ಹೆಂಡತಿ ಸೆಲೆಸ್ತೆ ವೃದ್ಧಾಶ್ರಮದಲ್ಲಿ ರಾತ್ರಿಪಾಳಿ ಹಿಡಿದಳು.

ಈಸ್ಟರಿಗೆ ಲಿಯೊನಿಲ್ಡ ಊರಿಗೆ ಹೋದಳು. ಅಮ್ಮನ ಮನೆಯ ಮೇಜಿನ ಮೇಲೆ ಒಣಮೀನು, ಆಲೂಗಡ್ಡೆ, ಕೋಸು. ಎಣ್ಣೆ ಬಾಟಲಿಯನ್ನು ಸೆಲೆಸ್ತೆ ತಾನೇ ಹಿಡಿದು ಎಲ್ಲರ ತಟ್ಟೆಗೂ ಒಂದೊಂದು ಎಳೆ ಬಿಟ್ಟಳು. ಸೂಪರ್‌ಮಾರ್ಕೆಟ್ಟಿನಲ್ಲಿ ಈಗ ಆಲಿವ್ ಎಣ್ಣೆಗೂ ಕಳ್ಳರ ಭಯಕ್ಕೆ ಅಲಾರಂ ಬಿಲ್ಲೆ ಕಟ್ಟಿದ್ದಾರೆ ಎಂದು ಅಮ್ಮ ಹೇಳಿದಳು. ಯಾರೂ ಭಾಷಣದ ಮಾತೆತ್ತಲಿಲ್ಲ. ಕೊನೆಗೆ ಲಿಯೊನಿಲ್ಡಳೇ ತಡೆಯಲಾರದೆ, ಕಂತಿಗೆ ತಾನೂ ಸ್ವಲ್ಪ ಕೊಡುತ್ತೇನೆ ಎಂದಳು.

ಅದೆರಿತೋ ಫೋರ್ಕು ಕೆಳಗಿಟ್ಟ. “ಎಷ್ಟು ದಿನ ಕೊಡ್ತೀಯ? ನಿಮ್ಮ ಪ್ರೊಫೆಸರು ಇನ್ನೂ ಎರಡು ಸಲ ಏರಿಸ್ತಾನಂತಲ್ಲ.”

“ನಮ್ಮ ಪ್ರೊಫೆಸರ್ ಅಲ್ಲ ಕಣೋ ಅಣ್ಣ.”

“ನನಗೆ ಅವನ ಮೇಲೆ ಸಿಟ್ಟಿಲ್ಲ. ಅವನು ಎಲ್ಲಿಯವನೋ ಏನೋ. ಸಮುದ್ರಕ್ಕೆ ಹೋಗ್ಬೇಡಿ ಅಂದ ನೋಡು, ಅದು ನಗು ತರಿಸ್ತು. ನಮ್ಮ ಬೀದಿ ದಾಟಿದ್ರೆ ಸಮುದ್ರ. ಬಸ್ ಚಾರ್ಜೂ ಇಲ್ಲ. ನಾವು ಬಿಡೋದಕ್ಕೆ ಇರೋದು ಮನೆ ಒಂದೇ.”

ಮನೆಯನ್ನು ಮಾರಾಟಕ್ಕೆ ಹಾಕಿರುವ ವಿಷಯ ಅವಳಿಗೆ ತಿಳಿದದ್ದು ಹೀಗೆ.

ಬ್ರಸೆಲ್ಸ್‌ಗೆ ಮರಳಿದ ಮೇಲೆ ಅವಳ ಕಿವಿಯೇ ಬೇರೆಯಾಯಿತು. ಮೊದಲು ಬರೀ ಪದಗಳಾಗಿ ಹಾದುಹೋಗುತ್ತಿದ್ದ ಮಾತುಗಳು ಈಗ ಮುಳ್ಳಿನ ಹಾಗೆ ಸಿಕ್ಕಿಕೊಳ್ಳತೊಡಗಿದವು. ‘ಬೇಡಿಕೆಯನ್ನು ತಣಿಸುವುದು’ ಎಂದರೆ ಸೆಲೆಸ್ತೆಯ ಕೈಯ ಎಣ್ಣೆ ಬಾಟಲಿ. ‘ಹೊಂದಾಣಿಕೆ’ ಎಂದರೆ ಅಣ್ಣನ ಮನೆಯ ಕಿಟಕಿಗೆ ಅಂಟಿಸಿದ ಮಾರಾಟದ ಚೀಟಿ. ಜೊತೆಗೆ ಅದೇ ಗೂಡಿನಲ್ಲಿ ಕೂರುವ ಹಿರಿಯ ದುಭಾಷಿ ಕಸಿಮೀರೋ ಅವಳ ಮುಖ ನೋಡಿಯೇ ಅರ್ಥಮಾಡಿಕೊಂಡು ಬುದ್ಧಿ ಹೇಳಿದ: ನಾವು ಕೊಳಾಯಿ ಇದ್ದ ಹಾಗೆ, ನೀರಿನ ರುಚಿ ನಮ್ಮ ತಪ್ಪಲ್ಲ. ಆಗಲಿ, ಎಂದಳು ಅವಳು, ಆದರೆ ಒಂದೇ ಕಡೆಯಿಂದ ನೀರು ಬರುತ್ತಿದೆಯಲ್ಲ.

ಅದು ವೇದಿಕೆಯವರಿಗೂ ಹೊಳೆದಿತ್ತೋ ಏನೋ, ಅಥವಾ ಟಿವಿ ತುಣುಕಿನಿಂದ ಆದ ಮುಜುಗರವೋ. ಜೂನ್ ತಿಂಗಳ ಸಭೆಗೆ ‘ಜನರ ಮಾತು’ ಎಂದು ಅರ್ಧ ಗಂಟೆ ತೆಗೆದಿಟ್ಟರು. ಪೋರ್ಚುಗಲ್‌ನ ಸಾಲಗಾರರ ಸಂಘ ತನ್ನ ಪರವಾಗಿ ಜುಲ್ಮೀರಾ ಎಂಬುವಳನ್ನು ಕಳಿಸಿತು. ಬರೇರೋ ಊರಿನ ಶಾಲೆಯಲ್ಲಿ ಅಡುಗೆಯವಳು, ಐವತ್ತೆಂಟು ವರ್ಷ, ಗಟ್ಟಿಮುಟ್ಟಾದ ಹೆಂಗಸು. ಪೋರ್ಚುಗೀಸ್ ಬಿಟ್ಟರೆ ಬೇರೆ ಭಾಷೆ ಬಾರದು. ಆ ದಿನ ಬೇರೆ ಗೂಡುಗಳಲ್ಲಿ ಪೋರ್ಚುಗೀಸ್ ತಿಳಿದವರೇ ಇರಲಿಲ್ಲ. ಆದ್ದರಿಂದ ಜುಲ್ಮೀರಾಳ ಮಾತನ್ನು ಲಿಯೊನಿಲ್ಡ ಫ್ರೆಂಚಿಗೆ ತರಬೇಕು, ಅವಳ ಫ್ರೆಂಚನ್ನು ಕೇಳಿ ಉಳಿದ ದುಭಾಷಿಗಳು ತಮ್ಮ ತಮ್ಮ ಭಾಷೆಗೆ ತಿರುಗಿಸಬೇಕು. ಇಡೀ ಸಭೆಗೆ ಆ ಹೆಂಗಸಿನ ಬಾಯಿ ಎಂದರೆ ಲಿಯೊನಿಲ್ಡ ಒಬ್ಬಳೇ.

ಜುಲ್ಮೀರಾ ಸಂಘದವರು ಬರೆದುಕೊಟ್ಟಿದ್ದ ಹಾಳೆಯನ್ನು ಬಿಡಿಸಿ, ಎರಡು ಸಾಲು ಓದಿ, ಮಡಿಸಿ ಚೀಲಕ್ಕೆ ಹಾಕಿದಳು.

“ನಾನು ದಿನಕ್ಕೆ ಮುನ್ನೂರು ಮಕ್ಕಳಿಗೆ ಅಡುಗೆ ಮಾಡ್ತೀನಿ,” ಎಂದು ಶುರುಮಾಡಿದಳು. “ಬೆಲೆ ಯಾಕೆ ಏರಿತು ಅಂತ ನನಗೂ ಗೊತ್ತು. ಯುದ್ಧ ಆಯ್ತು, ಗ್ಯಾಸ್ ಏರಿತು. ಮಳೆ ಬರಲಿಲ್ಲ, ಎಣ್ಣೆ ಏರಿತು. ನಾನೇನು ಜಾಸ್ತಿ ತಿಂದೆನಾ? ನನ್ನ ಕಂತು ಏರಿಸಿದ್ರೆ ಆಲಿವ್ ಮರಕ್ಕೆ ಮಳೆ ಬೀಳುತ್ತಾ? ನನ್ನ ಸಾಲಕ್ಕೆ ಬ್ಯಾಂಕು ಎರಡೇ ತಿಂಗಳಲ್ಲಿ ಬಡ್ಡಿ ಏರಿಸ್ತು. ಅದೇ ಬ್ಯಾಂಕಲ್ಲಿ ನಮ್ಮಮ್ಮ ಇಟ್ಟಿರೋ ದುಡ್ಡಿಗೆ ಒಂದು ಕಾಸು ಏರಿಸಲಿಲ್ಲ. ನಿಮ್ಮ ಔಷಧಿ ಬಡವರ ಮೈಗೆ ಮಾತ್ರ ಯಾಕೆ ನಾಟುತ್ತೆ?”

ಲಿಯೊನಿಲ್ಡ ಒಂದು ಮಾತಿನಷ್ಟೂ ಹಿಂದೆ ಬೀಳದೆ ಫ್ರೆಂಚಿನಲ್ಲಿ ಹೇಳುತ್ತ ಹೋದಳು. ಇಂಥ ಮಾತುಗಳಿಗೆ ಕಸುಬಿನಲ್ಲಿ ಒಂದು ರೂಢಿಯಿತ್ತು. ಸಿಟ್ಟಿನ ಮಾತು ಬಂದಾಗ ಮೂಲೆಗಳನ್ನು ಸವರಿ, ‘ಪ್ರಶ್ನಿಸಬೇಕಾಗಿದೆ’, ‘ವಿಷಾದನೀಯ’ ಎಂದು ನುಣ್ಣಗೆ ಮಾಡಿ ಒಪ್ಪಿಸುವುದು. ಯಾರೂ ಹಾಗೆ ಮಾಡಿ ಎಂದು ಬರೆದುಕೊಟ್ಟಿರಲಿಲ್ಲ, ಎಲ್ಲರೂ ಮಾಡುತ್ತಿದ್ದರು. ಅವಳೂ ಇಪ್ಪತ್ತೆರಡು ವರ್ಷ ಮಾಡಿದ್ದಳು. ಆ ದಿನ ಮಾಡಲಿಲ್ಲ.

ಅಷ್ಟರಲ್ಲಿ ಜುಲ್ಮೀರಾ ಮುಂದಿನ ಸಾಲಿನಲ್ಲಿದ್ದ ಆಲ್ಡೆರಿಂಕನ ಕಡೆ ತಿರುಗಿದಳು. “ಹೊಟ್ಟೆ ತುಂಬಿದೋರು ಹಸಿದೋರಿಗೆ ಉಪವಾಸ ಕಲಿಸೋಕೆ ಬರಬಾರದು. ನಮ್ಮ ನೋವು ನೋಡಿ ನಕ್ಕರಲ್ಲ, ನೀವು ಮಾನಗೆಟ್ಟೋರು.”

ಮಾನಗೆಟ್ಟವರು ಎಂಬುದಕ್ಕೆ ಫ್ರೆಂಚಿನಲ್ಲಿ ಅಷ್ಟೇ ತೂಕದ ಮಾತಿತ್ತು. ಲಿಯೊನಿಲ್ಡ ಅದನ್ನೇ ಹೇಳಿದಳು. ಅರೆಕ್ಷಣದಲ್ಲಿ ಅದು ಎಲ್ಲ ಕಿವಿಗಳಿಗೂ ಹೋಯಿತು. ಆಲ್ಡೆರಿಂಕನ ಕಿವಿ ಕೆಂಪೇರಿದ್ದು ಗೂಡಿನಿಂದಲೇ ಕಂಡಿತು. ಅಧ್ಯಕ್ಷ ಗಂಟೆ ಬಾರಿಸಿದ. ಬೈಗುಳ ಆ ಅಡುಗೆಯವಳದಲ್ಲ, ದುಭಾಷಿಯ ಕೈಚಳಕ ಎಂದೇ ಅವನಿಗೆ ಅನ್ನಿಸಿತ್ತು. ದುಭಾಷಿಗಳು ಸಂಯಮದಿಂದ ಇರಬೇಕು, ಅತಿಥಿಯ ಮಾತಿಗೆ ತಮ್ಮ ಭಾವನೆ ಬೆರೆಸಬಾರದು ಎಂದು ಗಾಜಿನ ಕಡೆಗೇ ನೋಡಿ ಹೇಳಿದ.

ಅದನ್ನು ಪೋರ್ಚುಗೀಸಿಗೆ ತಿರುಗಿಸಬೇಕಾದವನು ಕಸಿಮೀರೋ. ಅವನು ಒಂದು ಗಳಿಗೆ ಲಿಯೊನಿಲ್ಡಳ ಮುಖ ನೋಡಿ, ಆಮೇಲೆ ಇದ್ದದ್ದು ಇದ್ದಹಾಗೆ ಹೇಳಿದ. ಜುಲ್ಮೀರಾ ಕಿವಿಯಂತ್ರವನ್ನು ಒತ್ತಿ ಹಿಡಿದು ಕೇಳಿ, ತಲೆ ಎತ್ತಿ ಗೂಡುಗಳ ಸಾಲನ್ನು ಹುಡುಕಿದಳು.

“ಆ ಹೆಣ್ಣುಮಗಳು ನಾನು ಹೇಳಿದ್ದನ್ನೇ ಹೇಳ್ತಿದಾಳೆ ಅಂತ ಕಾಣುತ್ತೆ, ಅದಕ್ಕೇ ನಿಮಗೆ ಉರೀತಿರೋದು. ಇನ್ನೊಂದು ಸಲ ನಿಧಾನವಾಗಿ ಹೇಳ್ತೀನಿ, ಅವಳಿಗೂ ಸುಲಭ ಆಗಲಿ. ಮಾನ. ಗೆಟ್ಟೋರು.”

ಲಿಯೊನಿಲ್ಡಳೂ ನಿಧಾನವಾಗಿ, ಬಿಡಿಬಿಡಿಯಾಗಿ ಹೇಳಿದಳು.

ಆಲ್ಡೆರಿಂಕ್ ಉತ್ತರ ಕೊಟ್ಟ. ಶ್ರೀಮತಿಯವರ ಅನುಭವ ಮನಮುಟ್ಟುವಂಥದು, ಆದರೆ ನೀತಿಯನ್ನು ಒಬ್ಬರ ಅನುಭವದಿಂದಲ್ಲ, ಸರಾಸರಿಯಿಂದ ರೂಪಿಸುತ್ತಾರೆ ಎಂದ. ಜುಲ್ಮೀರಾ ಮತ್ತೆ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಮೈಕು ಆರಿಸಿದ್ದರು. ಅರ್ಧ ಗಂಟೆಯಲ್ಲಿ ಇನ್ನೂ ಹನ್ನೊಂದು ನಿಮಿಷ ಉಳಿದಿತ್ತು.

ಊಟದ ಹೊತ್ತಿಗೆ ಮೊಗಸಾಲೆಯಲ್ಲಿ ಲಿಯೊನಿಲ್ಡಳಿಗೆ ಜುಲ್ಮೀರಾ ಎದುರಾದಳು. ಒಳಗೆ ಕೂತಿದ್ದವಳು ನೀನೇನಾ ಎಂದು ಜುಲ್ಮೀರಾ ಕೇಳಿದಳು. ಹೌದೆಂದಳು ಲಿಯೊನಿಲ್ಡ.

“ನಿನ್ನ ದನಿ ಟಿವೀಲಿ ಕೇಳಿದ್ದೆ. ನೋವು, ಔಷಧಿ ಅಂದ್ಯಲ್ಲ. ಅವತ್ತು ಸಿಕ್ಕಿದ್ರೆ ಸೌಟಲ್ಲಿ ಬಾರಿಸ್ತಿದ್ದೆ.”

“ನಮ್ಮಮ್ಮನೂ ಬಾರಿಸೋಳು ಅಕ್ಕ. ದೂರ ಇದೀನಿ ಅಂತ ಉಳ್ಕೊಂಡೆ.”

ಜುಲ್ಮೀರಾ ನಕ್ಕು ಅವಳ ತೋಳು ಹಿಡಿದಳು. ಆಮೇಲೆ ತಟ್ಟನೆ ಕಣ್ಣಲ್ಲಿ ನೀರು ತಂದುಕೊಂಡು, ಮೈಕು ಆರಿಸಿಬಿಟ್ಟರಲ್ಲ, ಇಷ್ಟು ದೂರ ವಿಮಾನದಲ್ಲಿ ಕರೆಸಿ ಬಾಯಿಗೆ ಬಟ್ಟೆ ತುರುಕಿದರಲ್ಲ ಎಂದಳು.

ಹತ್ತು ದಿನದ ನಂತರ ಸಭೆಯ ನಡಾವಳಿ ಬಂತು. ಆಲ್ಡೆರಿಂಕನ ಉತ್ತರ ಒಂದೂವರೆ ಪುಟ ಇತ್ತು. ಜುಲ್ಮೀರಾ ಹೇಳಿದ್ದು ಒಂದೇ ಸಾಲು: ‘ಪೋರ್ಚುಗಲ್‌ನ ಪ್ರತಿನಿಧಿಯೊಬ್ಬರು ಕಂತುಗಳ ಕುರಿತು ಕಳವಳ ವ್ಯಕ್ತಪಡಿಸಿದರು.’ ಹೆಸರೂ ಇರಲಿಲ್ಲ.

ಲಿಯೊನಿಲ್ಡ ಆ ಸಾಲನ್ನು ಓದಿದಳು. ಮತ್ತೆ ಓದಿದಳು. ಸಿಟ್ಟು ಈಸ್ಟರಿನಿಂದಲೂ ಇತ್ತು, ಆದರೆ ಯಾರ ಮೇಲೆ ಎಂದು ತಿಳಿಯದೆ ಸುತ್ತುತ್ತಿತ್ತು. ಈಗ ಅದಕ್ಕೆ ನೆಲ ಸಿಕ್ಕಿತು. ಮುಖ್ಯಸ್ಥರಿಗೆ ಪತ್ರ ಬರೆದಳು. ಸಭೆ ಬಹಿರಂಗದ್ದು, ಧ್ವನಿಮುದ್ರಣ ನಿಮ್ಮ ಬಳಿಯೇ ಇದೆ, ಆ ಹೆಂಗಸಿನ ಮಾತನ್ನು ಇದ್ದಂತೆ ಸೇರಿಸಿ ಎಂದು ಕೇಳಿದಳು. ನಡಾವಳಿ ಸಾರಾಂಶ ಮಾತ್ರ ಎಂದು ಉತ್ತರ ಬಂತು. ಹಾಗಿದ್ದರೆ ಪ್ರೊಫೆಸರರ ಸಾರಾಂಶ ಯಾಕೆ ಒಂದೂವರೆ ಪುಟ ಎಂದು ಮತ್ತೆ ಬರೆದಳು. ಅದಕ್ಕೆ ಉತ್ತರ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಮೇಜಿನ ಮುಂದೆ ಕೂತು, ವೇದಿಕೆಯ ಜಾಲತಾಣದಲ್ಲಿದ್ದ ಧ್ವನಿಮುದ್ರಣವನ್ನು ಕೇಳುತ್ತ, ಜುಲ್ಮೀರಾಳ ಮಾತನ್ನು ಮೊದಲಿನಿಂದ ಕೊನೆಯವರೆಗೆ ಫ್ರೆಂಚಿನಲ್ಲಿ, ಇಂಗ್ಲಿಷಿನಲ್ಲಿ ಬರೆದಳು. ಮೈಕು ಆರಿದ ನಿಮಿಷವನ್ನೂ ಬರೆದಳು. ಕೆಳಗೆ ತನ್ನ ಹೆಸರು, ದುಭಾಷಿ ಎಂದು ಹಾಕಿ, ಸಭೆಯಲ್ಲಿದ್ದ ಇನ್ನೂರ ಹದಿನಾಲ್ಕು ಜನರಿಗೂ ಕಳಿಸಿದಳು. ಕಸಿಮೀರೋ ಫೋನು ಮಾಡಿ, ಇನ್ನು ನಿನ್ನನ್ನು ಅವರು ಕರೆಯುವುದಿಲ್ಲ ಎಂದ. ಗೊತ್ತು ಎಂದಳು.

ಇನ್ನೂರ ಹದಿನಾಲ್ಕರಲ್ಲಿ ಒಂಬತ್ತು ಜನ ಉತ್ತರಿಸಿದರು. ಒಬ್ಬ ಅದನ್ನು ತನ್ನ ಪತ್ರಿಕೆಯಲ್ಲಿ ಅಚ್ಚುಹಾಕಿದ. ಆಲ್ಡೆರಿಂಕ್ ಉತ್ತರಿಸಲಿಲ್ಲ. ವೇದಿಕೆಯವರು ತಪ್ಪು ಹುಡುಕಲು ಮೂವರು ಹಿರಿಯ ದುಭಾಷಿಗಳನ್ನು ಕೂರಿಸಿ ಧ್ವನಿಮುದ್ರಣ ಕೇಳಿಸಿದರು. ಒಂದು ಪದವೂ ಹೆಚ್ಚಿಲ್ಲ, ಒಂದು ಪದವೂ ಕಡಿಮೆಯಿಲ್ಲ ಎಂದು ಅವರು ಬರೆದುಕೊಟ್ಟರು. ಆದರೂ ಕಸಿಮೀರೋ ಹೇಳಿದ ಹಾಗೆಯೇ ಆಯಿತು. ಲಿಯೊನಿಲ್ಡ ಔಷಧ ಕಂಪನಿಗಳ, ಟೈಲ್ಸ್ ವ್ಯಾಪಾರಿಗಳ ಸಭೆಗಳಿಗೆ ಹೋಗತೊಡಗಿದಳು. ಗಳಿಕೆ ಮೂರನೇ ಒಂದು ಪಾಲು ಇಳಿಯಿತು.

ಬಡ್ಡಿ ಜುಲೈಯಲ್ಲಿ ಏರಿತು, ಸೆಪ್ಟೆಂಬರಿನಲ್ಲಿ ಮತ್ತೆ ಏರಿತು. ಆ ತಿಂಗಳ ಕೊನೆಗೆ ಅದೆರಿತೋನ ಮನೆ ಮಾರಾಟವಾಯಿತು. ಕೊಂಡವನು ಪೂರ್ತಿ ನಗದು ಕೊಟ್ಟ, ಸಾಲದ ಗೋಜೇ ಇಲ್ಲದವನು, ಪ್ರವಾಸಿಗರಿಗೆ ಬಾಡಿಗೆಗೆ ಬಿಡುತ್ತಾನಂತೆ. ಸಾಮಾನು ಸಾಗಿಸಲು ಲಿಯೊನಿಲ್ಡ ಊರಿಗೆ ಬಂದಳು. ಅಣ್ಣನ ಸಂಸಾರ ಹೋಗಬೇಕಿದ್ದ ಅಮ್ಮನ ಮನೆ ಎರಡೇ ಕೋಣೆಯದು. ಮೂರನೇ ಮಹಡಿಯಿಂದ ಇಳಿಸುವಾಗ ಬಟ್ಟೆಯ ಬೀರು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಅಣ್ಣ ಮೇಲಿನಿಂದ, ಅವಳು ಕೆಳಗಿನಿಂದ ಹಿಡಿದಿದ್ದರು.

ಆಗಲೇ ಫೋನು ಬಂತು. ವೇದಿಕೆಯ ಕಚೇರಿಯ ಹೊಸ ಹುಡುಗಿ. ಅಕ್ಟೋಬರಿನ ಸಭೆಗೆ ಬರಬೇಕಾಗಿದ್ದ ದುಭಾಷಿಗೆ ಕಾಯಿಲೆ, ಒಂದೂವರೆ ಪಟ್ಟು ಸಂಭಾವನೆ ಕೊಡುತ್ತೇವೆ, ‘ದರ ಏರಿಕೆಯ ಯಶಸ್ಸು’ ಎಂಬ ವಿಷಯ, ಪ್ರೊಫೆಸರ್ ಆಲ್ಡೆರಿಂಕರ ಮುಖ್ಯ ಭಾಷಣ ಎಂದಳು. ಹಿಂದಿನದು ಏನೂ ಅವಳಿಗೆ ತಿಳಿದಿರಲಿಲ್ಲ. ಲಿಯೊನಿಲ್ಡ ಭುಜದಿಂದ ಬೀರನ್ನು ಆನಿಸಿಕೊಂಡೇ ಕೇಳಿಸಿಕೊಂಡಳು. ದುಡ್ಡು ಬೇಕಿತ್ತು, ನಿಜವಾಗಿಯೂ ಬೇಕಿತ್ತು.

“ಅಲ್ಲಿ ಈ ಸಲ ಅಡುಗೆಯವರು ಯಾರಾದ್ರೂ ಮಾತಾಡ್ತಾರಾ?” ಎಂದು ಕೇಳಿದಳು.

ಇಲ್ಲ ಮೇಡಂ, ‘ಜನರ ಮಾತು’ ಎಂದು ಅರ್ಧ ಗಂಟೆ ಇತ್ತಂತೆ, ಅದನ್ನು ಈಗ ತೆಗೆದಿದ್ದಾರೆ ಎಂದಳು ಹುಡುಗಿ.

“ಹಾಗಾದ್ರೆ ನಾನೂ ಬರಲ್ಲ. ಯಶಸ್ಸನ್ನ ಪೋರ್ಚುಗೀಸಲ್ಲಿ ಹೇಳೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ.”

ಯಾರದು ಎಂದು ಅದೆರಿತೋ ಮೇಲಿನಿಂದ ಕೇಳಿದ. ಕೆಲಸದವರು ಎಂದಳು. ಒಪ್ಪಿಕೊಂಡೆಯಾ ಎಂದ. ಇಲ್ಲ ಎಂದಳು. ಅವನು ಬೀರಿನ ಹಿಂದಿನಿಂದಲೇ, “ತಿಕ್ಕಲು. ಸರಿ, ಎಡಕ್ಕೆ ವಾಲಿಸು,” ಎಂದ.

ಅವಳು ಎಡಕ್ಕೆ ವಾಲಿಸಿದಳು. ಬೀರು ಗೋಡೆಯ ಸುಣ್ಣವನ್ನು ಕೆರೆಯುತ್ತ ಒಂದು ಮೆಟ್ಟಿಲು ಕೆಳಗಿಳಿಯಿತು.