ಎರಡು ಅಂಗಡಿಯ ಗುಳಿಗೆ

ಮೆಡಿಕಲ್ ಅಂಗಡಿಗೆ ಹೋಗುವ ದಿನ ಗೂಳಪ್ಪ ಗಡ್ಡ ಮಾಡಿಕೊಳ್ಳುತ್ತಿದ್ದ. ಮದುವೆಮನೆಗೆ ಹೊರಟಾಗಲೂ ಹೆಂಡತಿ ಮೇಲಿಂದ ಮೇಲೆ ಹೇಳದೆ ಕನ್ನಡಿ ಮುಟ್ಟದ ಮನುಷ್ಯ, ಗುಳಿಗೆ ತರಲು ತಾನೇ ನೀರು ಕಾಯಿಸಿಕೊಂಡು ಕೂಡುವುದನ್ನು ಸತ್ತೆವ್ವ ಅಡುಗೆಮನೆಯಿಂದ ನೋಡುತ್ತಿದ್ದಳು. ನೋಡಿದಷ್ಟೂ ಅವಳಿಗೆ ಹೊಟ್ಟೆ ಉರಿಯುತ್ತಿತ್ತು.

ಗೂಳಪ್ಪ ಹರೆಯದಲ್ಲೇ ನವಲಗುಂದದ ಕಡೆಯಿಂದ ದಾಂಡೇಲಿಗೆ ಬಂದು ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಕೆಲಸ ಬಿಟ್ಟ ವರ್ಷವೇ ಸಕ್ಕರೆ ಕಾಯಿಲೆ ಅಂಟಿಕೊಂಡಿತು. ಮೊದಮೊದಲು ಅವನಿಗೆ ಗುಳಿಗೆ ನುಂಗಿಸುವುದೆಂದರೆ ಸತ್ತೆವ್ವನಿಗೆ ದಿನಾ ಕುಸ್ತಿ. "ನಂಗೇನಾಗೇತಿ, ಗಟ್ಟಿ ಅದೇನಿ" ಎನ್ನುತ್ತ ಬಾಯಲ್ಲಿಟ್ಟುಕೊಂಡು ಹಿತ್ತಲಿಗೆ ಹೋಗಿ ಉಗುಳಿ ಬರುತ್ತಿದ್ದ. ಅವಳು ಬೈದಳು, ಅತ್ತಳು, ಒಂದು ದಿನ ಉಪವಾಸವನ್ನೂ ಕೂತಳು. ಏನೂ ನಡೆಯಲಿಲ್ಲ.

ಆಮೇಲೆ ಅವರ ಓಣಿಯ ಆಚೆ ರಸ್ತೆಯಲ್ಲಿ ನಿರ್ಮಲಾ ಎಂಬಾಕೆ ಔಷಧದ ಅಂಗಡಿ ತೆರೆದಳು. ಬೆಳಗಾವಿಯವಳು, ನಲವತ್ತರ ಆಸುಪಾಸಿನ ವಿಧವೆ. ಗೂಳಪ್ಪ ಒಮ್ಮೆ ಅಲ್ಲಿಗೆ ಹೋಗಿ ಬಂದ. ಮರುದಿನ ನಾಷ್ಟಾಕ್ಕೆ ಕೂಡುವ ಮೊದಲು ಯಾರೂ ಹೇಳದೆ ಗುಳಿಗೆ ತೆಗೆದು ನುಂಗಿದ. ಸತ್ತೆವ್ವ ಬೆರಗಾಗಿ ನೋಡಿದಳು.

"ನಿರ್ಮಲಾಬಾಯಿ ಹೇಳ್ಯಾಳ, ಒಂದ ದಿನಾನೂ ತಪ್ಪಸಬಾರದಂತ" ಎಂದ.

"ನಾನೂ ಅದನ್ನ ಬಡಕೊಂಡೆನಲ್ಲ ಇಷ್ಟ ದಿನ?"

"ನೀ ಹೇಳೂದು ಬ್ಯಾರೆ, ಅಕಿ ಹೇಳೂದು ಬ್ಯಾರೆ."

ಗಂಡನ ಸಕ್ಕರೆ ಹತೋಟಿಗೆ ಬಂತು. ಡಾಕ್ಟರು ಹೊಗಳಿದರು. ಸಂತೋಷಪಡಬೇಕೆಂದು ಸತ್ತೆವ್ವನಿಗೂ ಗೊತ್ತಿತ್ತು, ಆದರೆ ಸಂತೋಷ ಬರಲಿಲ್ಲ. ಚಹಾಕ್ಕೆ ಬೆಲ್ಲ ಬೇಡ, ನಿರ್ಮಲಾಬಾಯಿ ಹೇಳ್ಯಾಳ. ಬರಿಗಾಲಲ್ಲಿ ಓಡಾಡಬಾರದು, ನಿರ್ಮಲಾಬಾಯಿ ಹೇಳ್ಯಾಳ. ಎಲ್ಲವೂ ಅವಳೇ ಹಿಂದೆ ಹೇಳಿದ ಮಾತುಗಳು. ಸಾಲದ್ದಕ್ಕೆ ಪಕ್ಕದ ಮನೆಯ ಗುರುಬಸವ್ವ, "ನಿಮ್ಮನಿಯವರು ತಾಸಗಟ್ಲೆ ಮೆಡಿಕಲ್‌ನಾಗ ಕುಂತಿರ್ತಾರವಾ. ಏನ್ ಮಾತೋ, ಏನ್ ನಗುವೋ" ಎಂದು ಕಿವಿಯಲ್ಲಿ ಊದಿದಳು.

ಸತ್ತೆವ್ವ ಗಂಡನನ್ನೇ ಕೇಳಿಬಿಟ್ಟಳು. ಅವನು ನಕ್ಕು, "ಹುಚ್ಚಿ, ಅಕಿ ನನಗ ಕಾಕಾ ಅಂತಾಳ" ಎಂದ.

"ಕಾಕಾ ಅಂತ ಕಾಕಾ! ಗಡ್ಡಾ ಬೋಳಿಸ್ಕೊಂಡು, ಇಸ್ತ್ರಿ ಅಂಗಿ ಹಾಕ್ಕೊಂಡು ಹೋಗೂ ಕಾಕಾನ್ನ ನಾ ಎಲ್ಲೂ ನೋಡಿಲ್ಲ."

ಮುಂದಿನ ಸಂತೆಯ ದಿನ ಅವಳು ಖಾಲಿಯಾದ ಗುಳಿಗೆ ಸ್ಟ್ರಿಪ್ಪನ್ನೂ ಡಾಕ್ಟರ ಚೀಟಿಯನ್ನೂ ಚೀಲದಲ್ಲಿಟ್ಟುಕೊಂಡು ಹಳಿಯಾಳದ ಬಸ್ಸು ಹತ್ತಿದಳು. ಅಲ್ಲಿಯ ಔಷಧ ಅಂಗಡಿಯ ಮುದುಕ ಚೀಟಿ ನೋಡಿ, "ಈ ಕಂಪನೀದು ನಮ್ಮಲ್ಲಿ ಇಲ್ರಿ. ಬ್ಯಾರೆ ಕಂಪನೀದು ಐತಿ. ಹೆಸರು ಬ್ಯಾರೆ, ಬಣ್ಣ ಬ್ಯಾರೆ, ಒಳಗಿನ ಔಷಧ ಮಾತ್ರ ಒಂದ" ಎಂದ. ಸ್ಟ್ರಿಪ್ ಕೈಗಿಡುವಾಗ ಎಚ್ಚರಿಸಿದ: "ಹಳೇದರ ಜೋಡಿ ಇದನ್ನ ಕೂಡಿಸಿ ತಗೋಬಾರದ್ರಿ ಯವ್ವಾ. ಎರಡೂ ನುಂಗಿದ್ರ ಶುಗರ್ ಪೂರಾ ಇಳಿದು ಜೀವಕ್ಕ ಅಪಾಯ."

ಸತ್ತೆವ್ವ "ಹೂಂ" ಎಂದಳು. ಮನೆಗೆ ಬಂದು ಗಂಡನ ಮುಂದೆ ಗುಲಾಬಿ ಬಣ್ಣದ ಗುಳಿಗೆ ಇಟ್ಟಳು.

"ಇದು ನಂದಲ್ಲ. ನಂದು ಬಿಳೇದು."

"ಅದಕ್ಕಿಂತ ಚಲೋದಿದು. ಇನ್ನ ಮ್ಯಾಲೆ ನಾನ ತರ್ತೇನಿ. ನೀವು ಬಿಸಲಾಗ ತಿರಗೂದು ಬ್ಯಾಡ."

ಅದೇ ಔಷಧ ಎಂದು ಅವಳು ಹೇಳಲಿಲ್ಲ. ಹೇಳಿದರೆ ಹಳಿಯಾಳಕ್ಕೆ ಯಾಕೆ ಹೋದೆ ಎಂಬ ಪ್ರಶ್ನೆ ಬರುತ್ತಿತ್ತು. ಗೂಳಪ್ಪ ಅವಳ ಮುಖ ನೋಡಿ ಸುಮ್ಮನೆ ನುಂಗಿದ. ಸತ್ತೆವ್ವ ಆ ದಿನ ಅವನಿಗಿಷ್ಟವಾದ ಜುಣಕ ಮಾಡಿ, ಬಿಸಿ ರೊಟ್ಟಿ ಬಡಿದು ಹಾಕಿದಳು. ಕೆಲವು ದಿನ ಮನೆ ಹಾಯಾಗಿತ್ತು.

ಒಂದು ಸಂಜೆ ಗುರುಬಸವ್ವ ಮತ್ತೆ ಸುದ್ದಿ ತಂದಳು. ಸತ್ತೆವ್ವ ಚಪ್ಪಲಿ ಮೆಟ್ಟಿ ನಡೆದೇ ಹೋದಳು. ರಸ್ತೆಯ ಈಚೆ ಬಟ್ಟೆ ಅಂಗಡಿಯ ಮುಂದೆ ತೂಗುಹಾಕಿದ ಸೀರೆಗಳ ಮರೆಯಲ್ಲಿ ನಿಂತಳು. ಎದುರಿನ ಮೆಡಿಕಲ್‌ನಲ್ಲಿ ಗೂಳಪ್ಪ ಕುರ್ಚಿಯಲ್ಲಿ ಕೂತು ಕೈ ಬೀಸಿ ಬೀಸಿ ಏನೋ ಹೇಳುತ್ತಿದ್ದ. ನಿರ್ಮಲಾ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದಳು. ಇಬ್ಬರೂ ಜೋರಾಗಿ ನಕ್ಕರು. ಅಂಥ ನಗು ಅವನ ಮುಖದ ಮೇಲೆ ಮನೆಯಲ್ಲಿ ಕಂಡು ಯಾವ ಕಾಲವಾಯಿತೋ. ನಿರ್ಮಲಾ ಒಂದು ಸ್ಟ್ರಿಪ್ಪನ್ನು ಕಾಗದದ ಲಕೋಟೆಗೆ ಹಾಕಿ ಕೊಟ್ಟಳು. ಅವನು ಅದನ್ನು ಅಂಗಿಯ ಕಿಸೆಗೆ ಇಳಿಬಿಟ್ಟ.

ಹಳಿಯಾಳದ ಮುದುಕನ ಮಾತು ಸತ್ತೆವ್ವನಿಗೆ ತಟ್ಟನೆ ನೆನಪಾಯಿತು. ರಸ್ತೆ ದಾಟಿ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಕದ್ದು ನೋಡಲು ಬಂದವಳು ಎಂದು ಇಬ್ಬರಿಗೂ ತಿಳಿಯುತ್ತದೆ. ನಿರ್ಮಲಾ ಮೃದುವಾಗಿ ಬುದ್ಧಿ ಹೇಳುತ್ತಾಳೆ, ಗಂಡ ತಲೆ ಅಲ್ಲಾಡಿಸುತ್ತಾನೆ. ಅದನ್ನು ಅವಳು ಸಹಿಸಲಾರಳು. ಮನೆಗೆ ಬರಲಿ, ಹೇಳಿದರಾಯಿತು ಎಂದುಕೊಂಡು ತಿರುಗಿ ನಡೆದಳು.

ಮನೆಗೆ ಬಂದ ಗೂಳಪ್ಪ, "ಹನಮಪ್ಪನ ಗುಡಿತನಕ ಹೋಗಿದ್ದೆ" ಎಂದ.

ಆ ಸುಳ್ಳು ಕೇಳಿ ಸತ್ತೆವ್ವನ ಬಾಯಿ ಕಟ್ಟಿತು. ನುಂಗಿ ಸಾಯಲಿ ಎಂಬ ಮಾತು ಮನಸ್ಸಿಗೆ ಬಂದು ಹೋಯಿತು. ತನ್ನ ಯೋಚನೆಗೆ ತಾನೇ ಹೆದರಿದಳು. ಆದರೂ ಹೇಳಲಿಲ್ಲ. ಬೆಳಿಗ್ಗೆ ಎಂದಿನಂತೆ ಗುಲಾಬಿ ಗುಳಿಗೆಯನ್ನು ಅವನ ಮುಂದಿಟ್ಟು, ಯಾರದ್ದನ್ನು ನುಂಗುತ್ತಾನೆ ನೋಡೋಣ ಎಂದು ನಿಂತಳು. ಅವನು ಅವಳದನ್ನೇ ನುಂಗಿದ. ಗೆದ್ದೆ ಎನಿಸಿತು ಅವಳಿಗೆ. ಅದಕ್ಕೂ ಮೊದಲು ಬಚ್ಚಲಿಗೆ ಹೋದಾಗ ಬಿಳಿಯದನ್ನೂ ಅವನು ನುಂಗಿ ಬಂದಿದ್ದು ಅವಳಿಗೆ ಗೊತ್ತಿರಲಿಲ್ಲ.

ಸ್ವಲ್ಪವೇ ಉಪ್ಪಿಟ್ಟು ತಿಂದು ಎದ್ದವನು ಮಧ್ಯಾಹ್ನದ ಹೊತ್ತಿಗೆ ಕಟ್ಟೆಯ ಮೇಲೆ ಕುಸಿದ. ಮೈಯೆಲ್ಲ ಬೆವರು, ಕೈ ಗಡಗಡ ನಡುಗುತ್ತಿತ್ತು. ಸತ್ತೆವ್ವನನ್ನೇ "ನೀ ಯಾರಬೇ?" ಎಂದು ಕೇಳಿದ. ಅವನ ಕಿಸೆಯಿಂದ ಜಾರಿದ ಲಕೋಟೆಯೊಳಗಿನ ಸ್ಟ್ರಿಪ್ಪಿನಲ್ಲಿ ಒಂದು ಬಿಳಿ ಗುಳಿಗೆ ಕಡಿಮೆಯಿತ್ತು; ಲಕೋಟೆಯ ಮೇಲೆ ನಿರ್ಮಲಾಳ ಫೋನ್ ನಂಬರಿತ್ತು. ಸತ್ತೆವ್ವನ ಕೂಗು ಕೇಳಿ ಬಂದ ಗುರುಬಸವ್ವ ನಂಬರ್ ಹಚ್ಚಿ ಫೋನನ್ನು ಅವಳ ಕೈಗೇ ಕೊಟ್ಟಳು.

"ನಿನ್ನ ಗುಳಿಗೀನೂ ನುಂಗ್ಯಾರ, ನನ್ನ ಗುಳಿಗೀನೂ ನುಂಗ್ಯಾರ" ಎಂದು ಸತ್ತೆವ್ವ ಅಳತೊಡಗಿದಳು. "ಎರಡೂ ಒಂದ ಔಷಧ. ನಂಗ ಗೊತ್ತಿತ್ತು."

"ಅಳಬ್ಯಾಡ್ರಿ ಕಾಕು, ಮೊದಲ ನಾ ಕೇಳೂದು ಹೇಳ್ರಿ" ಎಂದಳು ನಿರ್ಮಲಾ. "ಎಚ್ಚರ ಅದಾರೇನು? ನುಂಗಾಕ ಬರ್ತೈತೇನು? ಹಂಗಾದ್ರ ಜಲ್ದಿ ಸಕ್ರಿ ನೀರು ಕುಡಸ್ರಿ. ಎಚ್ಚರ ತಪ್ಪಿದ್ರ ಬಾಯಾಗ ಏನೂ ಹಾಕಬ್ಯಾಡ್ರಿ. ಎರಡೂ ಸ್ಟ್ರಿಪ್ ತಗೊಂಡು ದವಾಖಾನಿಗೆ ಹೊಂಡ್ರಿ, ನಾನೂ ಬಂದೆ."

ಸಕ್ಕರೆ ನೀರು ಒಳಗೆ ಹೋದ ಮೇಲೆ ಗೂಳಪ್ಪ ಸ್ವಲ್ಪ ಚೇತರಿಸಿಕೊಂಡ. ಆಟೋದಲ್ಲಿ ದವಾಖಾನೆಗೆ ಒಯ್ದರು. ಡಾಕ್ಟರು ಎರಡೂ ಸ್ಟ್ರಿಪ್ ನೋಡಿ ಸಲಾಯಿನ್ ಹಚ್ಚಿದರು. ಈ ಗುಳಿಗೆಯ ಪ್ರಭಾವ ಬೇಗ ಇಳಿಯುವುದಿಲ್ಲ, ಸಕ್ಕರೆ ಮತ್ತೆ ಕುಸಿಯಬಹುದು, ನಾಳೆಯವರೆಗೆ ಇಲ್ಲೇ ಇರಲಿ ಎಂದರು.

ಹೊರಗೆ ಬೆಂಚಿನ ಮೇಲೆ ಇಬ್ಬರು ಹೆಂಗಸರು ಕೂತರು. ಸತ್ತೆವ್ವ ಹಳಿಯಾಳಕ್ಕೆ ಹೋದದ್ದನ್ನೂ, ಸೀರೆಗಳ ಮರೆಯಲ್ಲಿ ನಿಂತದ್ದನ್ನೂ ಬಚ್ಚಿಡದೆ ಹೇಳಿದಳು.

"ನಂದೂ ತಪ್ಪೈತಿ ಕಾಕು" ಎಂದಳು ನಿರ್ಮಲಾ. "ಗುಳಿಗಿ ಮುಗಿದು ಭಾಳ ದಿನಾ ಆದ್ರೂ ಕಾಕಾ ಬಂದಿರಲಿಲ್ಲ. ನಡುವ ಬ್ಯಾರೆ ಕಡೆ ತಗೊಂಡ್ರೇನು ಅಂತ ನಾ ಕೇಳಬೇಕಿತ್ತು. ಮಾತಿನ ಭರದಾಗ ಕೇಳಲಿಲ್ಲ."

"ಅಂಥಾ ಏನ್ ಮಾತು ಹೇಳ್ತಿ ನೀ ಅವರಿಗೆ?"

"ನಾ ಏನೂ ಹೇಳೂದಿಲ್ರಿ. ಅವರು ಮಿಲ್ಲಿನ ಸುದ್ದಿ ಹೇಳ್ತಾರ. ಮಷೀನಿನ್ಯಾಗ ಬಿದಿರು ಸಿಕ್ಕೊಂಡದ್ದು, ಸಾಹೇಬರ ಟೊಪಗಿ ಕಾಗದದ ತಿರುಳಿನ ಹೊಂಡದಾಗ ಬಿದ್ದದ್ದು."

"ಅಯ್ಯ, ಆ ಟೊಪಗಿ ಸುದ್ದಿ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಾವು!"

"ನನಗ ಹೊಸದಲ್ಲೇನ್ರಿ" ಎಂದು ನಿರ್ಮಲಾ ನಕ್ಕಳು. ಸತ್ತೆವ್ವನಿಗೆ ನಗು ಬರಲಿಲ್ಲ.

ಒಳಗೆ ಹೋಗಿ ಗಂಡನ ಹಾಸಿಗೆಯ ಪಕ್ಕ ಕೂತಳು. "ಎರಡೂ ಯಾಕ ನುಂಗಿದ್ರಿ?" ಎಂದು ಕೇಳಿದಳು.

"ನಿಂದು ಬಿಟ್ರ ನೀ ಸಿಟ್ಟಾಗ್ತಿದ್ದಿ. ಅಕಿದು ಬಿಟ್ರ ಅಕಿಗೆ ಸುಳ್ಳ ಹೇಳಬೇಕಾಗ್ತಿತ್ತು. ಒಂದ ಔಷಧ ಅಂತ ನಂಗೇನ್ ಗೊತ್ತು?"

"ನನ್ನ ಮುಂದ ಸುಳ್ಳ ಹೇಳಾಕ ಬಂತಲ್ಲ?"

ಗೂಳಪ್ಪ ಸಲಾಯಿನ್ ಇಲ್ಲದ ಕೈಯನ್ನು ಅವಳ ಮೊಣಕಾಲ ಮೇಲೆ ಇಟ್ಟ. "ನಾನೂ ಗೊತ್ತಿದ್ದು ಹೇಳಲಿಲ್ಲ" ಎಂದು ಅವಳು ಮೆಲ್ಲಗೆ ಅಂದಳು.

ಮರುದಿನ ಮನೆಗೆ ಹೊರಡುವಾಗ ನಿರ್ಮಲಾ ಸತ್ತೆವ್ವನನ್ನು ಬದಿಗೆ ಕರೆದಳು. "ಹಳಿಯಾಳದಾಗ ತಗೋರಿ, ಇಲ್ಲಾ ನನ್ನ ಕಡೆ ತಗೋರಿ. ಒಂದ ಅಂಗಡಿ ಹಿಡೀರಿ ಕಾಕು. ನಾ ಕಾಕಾಗ ಹೇಳ್ತೇನಿ, ನನ್ನ ಅಂಗಡಿಗೆ ಬರಬ್ಯಾಡ್ರಿ ಅಂತ. ನನ್ನ ಮಾತು ಕೇಳ್ತಾರ."

ಕಡೆಯ ಮಾತು ಸತ್ತೆವ್ವನಿಗೆ ಮತ್ತೆ ಚುಚ್ಚಿತು. ಬೇಕಾದದ್ದು ತಾನಾಗಿಯೇ ಕೈಗೆ ಬಂದಿತ್ತು. ಹೂಂ ಎಂದರೆ ಸಾಕಿತ್ತು. ಆಟೋದಲ್ಲಿ ಕಂಬಕ್ಕೆ ಒರಗಿ ಕೂತ ಗಂಡನ ಬಾಡಿದ ಮುಖ ನೋಡಿದಳು.

"ನಿನ್ನಲ್ಲೇ ತಗೋತೇವಿ" ಎಂದಳು. "ಆದ್ರ ಅವರನ್ನ ಒಬ್ಬರನ್ನ ಕಳಸಂಗಿಲ್ಲ. ನಾನೂ ಬರ್ತೇನಿ."

"ಬರ್ರಿ. ಬರುವಾಗ ಮನ್ಯಾಗಿದ್ದ ಔಷಧೆಲ್ಲಾ ತರ್ರಿ. ನೀವು ಮೊಣಕಾಲಿಗೆ ತಗೋಳೂವೂ ತರ್ರಿ, ಒಂದೊಂದ ನೋಡೂಣು."

ಆ ವಾರ ಇಬ್ಬರೂ ಹೋದರು. ಗೂಳಪ್ಪ ಕೂತ ಕೂಡಲೇ ಮಿಲ್ಲಿನ ಕತೆ ತೆಗೆದ, ನಿರ್ಮಲಾ ನಕ್ಕಳು. ಸತ್ತೆವ್ವನ ಹೊಟ್ಟೆಯೊಳಗೆ ಹಳೆಯ ಉರಿ ಒಮ್ಮೆ ಎದ್ದಿತು. ಅವಳು ಚೀಲದಲ್ಲಿದ್ದ ಗುಳಿಗೆಗಳನ್ನೆಲ್ಲ ಗಾಜಿನ ಮೇಲೆ ಸುರುವಿದಳು.

"ಕತಿ ಆಮ್ಯಾಲೆ" ಎಂದಳು ಗಂಡನಿಗೆ. ನಿರ್ಮಲಾಳ ಕಡೆ ತಿರುಗಿ, "ಮೊದಲ ಇದನ್ನ ಹೇಳವಾ, ಯಾವುದು ಯಾವುದಕ್ಕ" ಎಂದಳು.