ಅಲುಗದ ಹನ್ನೊಂದು ಕಾಲುಗಳು

ನನ್ನ ತಮ್ಮನ ಮಗ ಒಂಬತ್ತು ವರ್ಷ ವೈದ್ಯನಾಗಿದ್ದ. ಅಷ್ಟೂ ವರ್ಷ ರೋಗಿಯ ಕಾಲ್ದೆಸೆಯಲ್ಲಿ ನಿಂತು, ಚೀಟಿ ನೋಡಿ, ಮುಂದಿನ ಮಂಚಕ್ಕೆ ಹೋದನೇ ಹೊರತು ತಲೆದೆಸೆಯನ್ನು ಕಂಡವನಲ್ಲ. ಹೋದ ವರ್ಷ ಸ್ಟೆತಸ್ಕೋಪನ್ನು ಮೊಳೆಗೆ ನೇತುಹಾಕಿ ಕಂಪನಿ ತೆರೆದ. ಕುಣಿಯಲಾರದವಳು ಅಂಗಳ ಡೊಂಕೆಂದಳಂತೆ. ಇವನು ಅಂಗಳವನ್ನೇ ಬಿಟ್ಟು ಗೆಜ್ಜೆ ಮಾರಲು ಹೊರಟ.

ಆ ಗೆಜ್ಜೆಯೆಂದರೆ ರೋಗಿಯ ಕಣಕಾಲಿಗೆ ಕಟ್ಟುವ ಒಂದು ಪಟ್ಟಿ. ನಿಶ್ಶಕ್ತ ರೋಗಿ ಯಾರಿಗೂ ಹೇಳದೆ ಮಂಚದಿಂದ ಇಳಿಯಹೊರಟರೆ ಅದು ಕೂಗಿ ದಾದಿಯರನ್ನು ಕರೆಯಬೇಕು. ಅದರ ಪ್ರಯೋಗ ನಡೆದದ್ದು ನಾನು ದಾದಿಯರ ಮುಖ್ಯಸ್ಥೆಯಾಗಿದ್ದ ವಾರ್ಡಿನಲ್ಲಿ: ಹನ್ನೊಂದು ರೋಗಿಗಳು, ಇಪ್ಪತ್ತು ದಿನ.

ಇಪ್ಪತ್ತೊಂದನೆಯ ಬೆಳಿಗ್ಗೆ ಹೊಳೆಯುವ ಬೂಟು ಮೆಟ್ಟಿ, ಎದೆಗೆ ‘ಸಂಸ್ಥಾಪಕ’ ಎಂಬ ಬಿಲ್ಲೆ ಸಿಕ್ಕಿಸಿಕೊಂಡು ನನ್ನ ಕೋಣೆಗೆ ಬಂದ.

“ಅತ್ತೆ, ಒಂದು ಸಹಿ ಹಾಕ್ಬಿಡಿ. ಮೂರು ಗಂಟೆಗೆ ಖರೀದಿ ಸಮಿತಿ ಕೂರುತ್ತೆ.”

“ಏನಂತ ಸಹಿ?”

“ಪ್ರಯೋಗ ಯಶಸ್ವಿ ಅಂತ. ನಿಮ್ಮ ಸಹಿ ಇಲ್ದೆ ಅವರು ಮುಟ್ಟೋದಿಲ್ಲ.”

ಕಾಗದವನ್ನು ಕೊನೆಯವರೆಗೂ ಓದಿದೆ. ಪಟ್ಟಿ ಬಂದ ಮೇಲೆ ಪ್ರತಿ ಪಾಳಿಗೆ ನಾಲ್ವರು ದಾದಿಯರ ಬದಲು ಇಬ್ಬರು ಸಾಕೆಂದು ಅಡಿಯಲ್ಲಿ ಸಣ್ಣಕ್ಷರದಲ್ಲಿತ್ತು. ನನ್ನ ಸಹಿ ಬಿದ್ದರೆ ಮೂವತ್ತು ಮಂಚಗಳಿಗೆ ಉಳಿಯುವುದು ನಾಲ್ಕೇ ಕೈ.

“ಫಲಿತಾಂಶ ನೋಡಿ ಅತ್ತೆ,” ಎಂದು ಪರದೆ ತೆರೆದ. ಹನ್ನೊಂದು ಗೆರೆಗಳು, ಸ್ಕೇಲಿಟ್ಟು ಎಳೆದಂತೆ ನೇರ. “ಒಬ್ಬರೂ ಇಳಿಯೋಕೆ ನೋಡಿಲ್ಲ!”

“ಇಳಿಯೋದಿರ್ಲಿ, ಇವರು ಕಾಲನ್ನೇ ಅಲುಗಿಸಿಲ್ವಲ್ಲೋ.”

“ಅಷ್ಟು ಒಳ್ಳೆ ವಿಶ್ರಾಂತಿ.”

“ಇದು ವಿಶ್ರಾಂತಿ ಅಲ್ಲಪ್ಪ, ಶವಾಗಾರ. ಅಲ್ಲೂ ಒಮ್ಮೊಮ್ಮೆ ಹೊರಳಿಸ್ತಾರೆ.”

ಬದುಕಿರುವವನ ಕಾಲು ಇಪ್ಪತ್ತು ದಿನ ಮಿಸುಕದಿರದೆಂಬುದನ್ನು ವೈದ್ಯಪದವೀಧರನಿಗೆ ನಾನು ಹೇಳಿಕೊಡಬೇಕಾಯಿತು! ತೋಳು ಹಿಡಿದು ವಾರ್ಡಿಗೆ ಕರೆದೊಯ್ದೆ. ಹನ್ನೊಂದು ಪಟ್ಟಿಗಳೂ ಮಂಚದ ಕಬ್ಬಿಣದ ಕಂಬಿಗೆ ಅಚ್ಚುಕಟ್ಟಾಗಿ ಕೂತಿದ್ದವು. ನನಗಿದು ಎರಡನೆಯ ದಿನವೇ ಗೊತ್ತಿತ್ತು. ಅವನೇ ಬಂದು ನೋಡಲೆಂದು ಸುಮ್ಮನಿದ್ದೆ. ಅವನು ಒಮ್ಮೆಯೂ ಬರಲಿಲ್ಲ. ಪರದೆಯಿದ್ದವನಿಗೆ ಮಂಚವೇಕೆ?

“ಏನಿದು ಸಿಸ್ಟರ್!” ಎಂದು ಹತ್ತಿರವಿದ್ದ ಕಿರಿಯ ದಾದಿಯ ಮೇಲೆ ಹರಿಹಾಯ್ದ.

“ಬೆನ್ನು ಹುಣ್ಣಾಗಬಾರದಂತ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸ್ತೀವಿ ಡಾಕ್ಟ್ರೇ. ಕಾಲು ಮುಟ್ಟಿದ್ರೆ ಸಾಕು, ನಿಮ್ಮ ಕೂಸು ಕಿರುಚುತ್ತೆ. ಕಂಬಿ ಪಾಪ, ತೆಪ್ಪಗಿರುತ್ತೆ.”

“ನಿಮಗೆ ತರಬೇತಿ ಸಾಲ್ದು.”

“ಹಾಗಾದ್ರೆ ನೀನೇ ಕೊಡು,” ಎಂದೆ. “ಈಗ ಹತ್ತು ಗಂಟೆ. ಮೂಲೇಲಿರೋ ಆ ಹಿರಿಯರ ಕಾಲಿಗೆ ಪಟ್ಟಿ ಕಟ್ಟು. ಎರಡರ ತನಕ ಅವರ ಕೆಲಸ ಎಲ್ಲ ನಿಂದೇ. ಅಷ್ಟರಲ್ಲಿ ಬಿಚ್ಚದೆ ಇದ್ರೆ ಸಹಿ ಹಾಕ್ತೀನಿ.”

ಪಾರ್ಶ್ವವಾಯು ಬಡಿದು ಎಡಭಾಗ ಸೋತಿದ್ದ ಲಾರಿ ಚಾಲಕರು ಅವರು. ಇವನು ಕೋಟು ಕಳಚಿ ತೋಳು ಮಡಚಿದ. ಹಾಸಿಗೆಯ ಬಟ್ಟೆ ಬದಲಿಸುವಾಗ ಪಟ್ಟಿ ಕೂಗಿತು. ಮಗ್ಗುಲಿಗೆ ಹೊರಳಿಸುವಾಗ ಕೂಗಿತು. ಮುದುಕರು ಬಲಪಾದವನ್ನು ಹಾಸಿಗೆಗೆ ಉಜ್ಜಿ ತುರಿಸಿಕೊಂಡದ್ದಕ್ಕೂ ಕೂಗಿತು.

“ಡಾಕ್ಟ್ರೇ, ನಿಮ್ಮ ಹಾರನ್ನು ನನ್ನ ಗಾಡೀದಕ್ಕಿಂತ ಜೋರು,” ಎಂದರು ಅವರು. “ಬ್ರೇಕೂ ಇದೆಯೋ, ಬರೀ ಇದೇನೋ?”

ಸುತ್ತಲಿನ ಮಂಚಗಳಿಂದ ಬೈಗುಳ ಎದ್ದವು. ಹನ್ನೊಂದೂಮುಕ್ಕಾಲಿಗೆ, ಒಂದು ಕೈಯಲ್ಲಿ ಮೂತ್ರದ ಬಾಟಲಿ ಹಿಡಿದಿದ್ದ ಸಂಸ್ಥಾಪಕ ಅತ್ತ ಇತ್ತ ನೋಡಿ, ಇನ್ನೊಂದು ಕೈಯಿಂದ ಪಟ್ಟಿ ಬಿಚ್ಚಿ ಜೇಬಿಗೆ ಹಾಕಿಕೊಂಡ. ಬಾಗಿಲಲ್ಲಿ ನಿಂತಿದ್ದ ನನ್ನನ್ನು ಆಮೇಲೆ ಕಂಡ.

ಬಳಿಗೆ ಬಂದು ತಲೆ ತಗ್ಗಿಸಿ ಕೇಳಿದ: “ಸಮಿತಿಗೆ ಏನು ಹೇಳ್ಲಿ ಅತ್ತೆ?”

“ಸಮಿತಿ ಹಾಳಾಗ್ಲಿ. ಮಗ್ಗುಲು ಮಾಡಿದ್ಯಲ್ಲ, ಅವರ ಎಡಗೈ ಮೈಕೆಳಗೆ ಸಿಕ್ಕಿಕೊಂಡಿದೆ. ಆ ಕೈಗೆ ನೋವು ಗೊತ್ತಾಗಲ್ಲ, ಅವರು ಹೇಳಲ್ಲ. ಹೋಗಿ ಎಳಿ.”

ಓಡಿದ. ಅವನು ಆ ಕೈಯನ್ನು ಬಿಡಿಸಿ ದಿಂಬಿನ ಮೇಲಿಟ್ಟು ಉಜ್ಜುತ್ತಿದ್ದಾಗ, ನಾನು ಸಹಿಯ ಜಾಗವನ್ನು ಖಾಲಿಬಿಟ್ಟು, ಸಣ್ಣಕ್ಷರದ ಸಾಲನ್ನು ಹೊಡೆದುಹಾಕಿ, ‘ಪ್ರತಿ ಪಾಳಿಗೂ ಐದನೆಯ ದಾದಿ ಬೇಕು’ ಎಂದು ದಪ್ಪಕ್ಷರದಲ್ಲಿ ಬರೆದು ಕಾಗದವನ್ನು ಸಮಿತಿಗೆ ಕಳುಹಿಸಿದೆ.