ಒಳಗಿನಿಂದ ಹಾಕುವ ಬಾಗಿಲು

ನನ್ನ ಕೆಲಸವೇ ಹಿಂದೆ ಕೂರುವುದು. ಬೆಟಗೇರಿಯಲ್ಲಿ ಹೆಂಗಸರಿಗೆ ಗಾಡಿ ಹೊಡೆಯಲು ಕಲಿಸುತ್ತೇನೆ. ಇವತ್ತು ಗದಗ-ಬೆಟಗೇರಿಯಲ್ಲಿ ಸ್ಕೂಟಿ ಓಡಿಸುವ ಹೆಂಗಸರಲ್ಲಿ ಅರ್ಧದಷ್ಟು ಜನ ನನ್ನಿಂದ ಬೈಸಿಕೊಂಡವರೇ. ಅವರು ಮುಂದೆ, ನಾನು ಹಿಂದೆ. "ಬ್ರೇಕ್ ಹಿಡಿ ಬೇ, ಎಮ್ಮಿ ಬಂತು" ಎಂದು ಅವರ ಕಿವಿಯಲ್ಲಿ ಒದರುತ್ತ ಊರೆಲ್ಲ ಸುತ್ತುತ್ತೇನೆ.

ಸಂಜೆ ಮನೆಗೆ ಬಂದರೆ ಅಲ್ಲಿ ಎರಡು ಮಗ್ಗ, ಗಂಡ ಮನೋಹರ, ಮಗಳು ವಿದ್ಯಾಶ್ರೀ, ಮೈದುನನ ಸಂಸಾರ, ಎಲ್ಲರ ಮೇಲೆ ಅತ್ತೆ ಬೀರವ್ವ. ಮಲಗಿದಾಗ ಒಬ್ಬರ ಕಾಲು ಇನ್ನೊಬ್ಬರ ತಲೆಗೆ ತಾಗುವಂಥ ಮನೆ. ಯಾರೂ ಕೆಟ್ಟವರಲ್ಲ. ಆದರೆ ಹುಟ್ಟಿದಾಗಿನಿಂದ ನಾನು ಒಂದು ರಾತ್ರಿಯೂ ಒಬ್ಬಳೇ ಮಲಗಿದವಳಲ್ಲ. ಹೆರಿಗೆಗೆ ಆಸ್ಪತ್ರೆ ಸೇರಿದಾಗಲೂ ಮಂಚದ ಕೆಳಗೆ ಇಬ್ಬರು ಮಲಗಿದ್ದರು. ದಿನಾ ಸಂಜೆ ಓಣಿಯ ಮೂಲೆಯಲ್ಲಿ ಗಾಡಿ ಬಂದ್ ಮಾಡಿ ಸ್ವಲ್ಪ ಹೊತ್ತು ಸುಮ್ಮನೆ ಕೂತು, ಆಮೇಲೆ ಮನೆಯೊಳಗೆ ಕಾಲಿಡುತ್ತಿದ್ದೆ. ಒಂದು ದಿನ ವಿದ್ಯಾಶ್ರೀ ಅಲ್ಲಿಗೂ ಹುಡುಕಿಕೊಂಡು ಬಂದು, "ಯವ್ವಾ, ಇಲ್ಲ್ಯಾಕ ಕುಂತಿ?" ಎಂದು ಭುಜ ಅಲುಗಿಸಿದಳು. ಮಗಳ ಮೇಲೆ ಸಿಟ್ಟು ಮಾಡುವಂಥದ್ದೇನೂ ಇರಲಿಲ್ಲ. ಆದರೂ ಅವತ್ತು ನನಗೆ ಅಳು ಬಂದಿತ್ತು.

ಅದಕ್ಕೇ ಹಟ ಹಿಡಿದೆ. ಬೆಟಗೇರಿಯಿಂದ ಕನ್ಯಾಕುಮಾರಿ. ನನ್ನ ಬೈಕು, ಹಿಂದಿನ ಸೀಟಿನ ಮೇಲೆ ಮನುಷ್ಯರ ಬದಲು ಟೆಂಟು. ಕತ್ತಲಾದಲ್ಲಿ ಟೆಂಟು ಹಾಕಿ ಮಲಗುವುದು, ಬೆಳಗಾದರೆ ಮುಂದೆ ಹೋಗುವುದು.

"ಹೋಗಿ ಬಾ, ಮಗ್ಗ ಎಲ್ಲೂ ಓಡಿ ಹೋಗೂದಿಲ್ಲ" ಎಂದ ಮನೋಹರ. ಅತ್ತೆ ಕೂಡ ಬೇಡ ಎನ್ನಲಿಲ್ಲ. "ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಮ್ಯಾಲೆ ಹೋಗವ್ವಾ. ಆ ದಾರ್ಯಾಗ ಲಾರಿ ಕಾಟ ಇರೂದಿಲ್ಲ" ಎಂದರು. ಸುತ್ತು ದಾರಿಯಾದರೂ ಹಿರಿಯರ ಮಾತು ಅಂತ ತಲೆಯಾಡಿಸಿದೆ. ನಾನೆಂಥ ಪೆದ್ದಿ!

ಲಕ್ಷ್ಮೇಶ್ವರದ ಹೊರಗೆ ಅಂದಪ್ಪ ಮಾವ ರಸ್ತೆಯ ನಡುವೆ ನಿಂತು, ಬಸ್ಸು ನಿಲ್ಲಿಸುವವರಂತೆ ಟವೆಲ್ ಬೀಸುತ್ತಿದ್ದರು. "ಬೀರವ್ವ ಫೋನ್ ಮಾಡಿದ್ಲವ್ವಾ, ಹೋಳಿಗಿ ಮಾಡ್ಸೇನಿ." ಹೋಳಿಗೆ ಉಂಡು, ಒತ್ತಾಯಕ್ಕೆ ಒಂದು ನಿದ್ದೆ ತೆಗೆದು ಹೊರಟಾಗ ಬಿಸಿಲು ಇಳಿಯತೊಡಗಿತ್ತು. ಶಿರಹಟ್ಟಿಯಲ್ಲಿ ನಾದಿನಿ ಬನಶಂಕರಿ ಬಾಗಿಲಲ್ಲೇ ಕಾದಿದ್ದಳು. ಚಹಾ, ಚುರುಮುರಿ, ಊರ ಸುದ್ದಿ. ಹೊರಡುತ್ತೇನೆಂದರೆ ಉಡಿ ತುಂಬದೆ ಬಿಡಲೊಲ್ಲಳು. ಪ್ಯಾಂಟು, ಜಾಕೀಟು ಹಾಕಿಕೊಂಡ ನನಗೆ ಸೆರಗೆಲ್ಲಿಂದ ಬರಬೇಕು? ಹೆಲ್ಮೆಟ್ ಒಡ್ಡಿದೆ. ಅದರಲ್ಲೇ ಅಕ್ಕಿ, ತೆಂಗಿನಕಾಯಿ, ಕುಬಸದ ಬಟ್ಟೆ ಹಾಕಿ, ಅರಿಶಿನ ಕುಂಕುಮ ಹಚ್ಚಿ ಕಳಿಸಿದಳು. ನಗುತ್ತಲೇ ಹೊರಬಿದ್ದೆ, ನಿಜ. ಅಷ್ಟರಲ್ಲಿ ಮುಂಡರಗಿಯ ಪುಂಡಲೀಕಪ್ಪ ಕಾಕಾನ ಫೋನು: "ಎಲ್ಲಿದ್ದೀಯವ್ವಾ? ಹಾಸಗಿ ಹಾಸೇವಿ. ನೀ ಬಂದ ಮ್ಯಾಲೇ ಎಲ್ಲಾರೂ ಉಣ್ಣೂದು."

ಆಗ ನಗು ನಿಂತಿತು. ಅತ್ತೆ ನನಗೆ ರಸ್ತೆ ತೋರಿಸಿರಲಿಲ್ಲ, ತಮ್ಮ ಬಳಗವನ್ನು ಊರೂರಿಗೆ ಕಾವಲು ಹಾಕಿದ್ದರು. ಹೀಗೇ ಹೋದರೆ ಕನ್ಯಾಕುಮಾರಿಯಲ್ಲೂ ಯಾರಾದರೂ ಹೋಳಿಗೆ ಹಿಡಿದು ನಿಂತಿರುತ್ತಾರೆ ಅನ್ನಿಸಿತು. ಉಣ್ಣಲು ಕಾಯಬೇಡಿರೆಂದು ಕಾಕಾನಿಗೆ ಹೇಳಿದೆ. ಮನೋಹರನಿಗೆ ಮಾತ್ರ, ಬೆಳ್ಳಟ್ಟಿ ಹತ್ತಿರ ಮಲಗುತ್ತೇನೆ, ಆರಾಮಾಗಿದ್ದೇನೆ ಎಂದು ಮೆಸೇಜ್ ಕಳಿಸಿ ಫೋನ್ ಬಂದ್ ಮಾಡಿದೆ. ಬೆಳ್ಳಟ್ಟಿಯಲ್ಲಿ ನಮ್ಮವರು ಯಾರೂ ಇಲ್ಲ.

ಊರು ದಾಟಿದ ಮೇಲೆ ಮೆಣಸಿನಕಾಯಿ ಹೊಲದ ಬದಿಗೆ ಒಂದು ಬೇವಿನ ಮರ ಸಿಕ್ಕಿತು. ಟೆಂಟು ಕಟ್ಟಿ, ಕೈ ಝಾಡಿಸಿಕೊಂಡು, ಇನ್ನೇನು ಒಳಗೆ ಹೋಗಬೇಕು, ಹಿಂದಿನಿಂದ ದನಿ ಬಂತು.

"ಯಾರವ್ವಾ ನೀನು?"

ತಲೆಯ ಮೇಲೆ ಸೆರಗು ಹೊದ್ದ ಹಿರಿಯ ಹೆಂಗಸು. ಹೊಲ ಅವರದೇ. ಹೆಸರು ಫಕೀರಬಿ. ಹೊಲದಾಚೆ ಮನೆ ಕಾಣುತ್ತಿತ್ತು. ಮಕ್ಕಳು ಕೂಗಾಡುವುದು ಇಲ್ಲಿಯವರೆಗೆ ಕೇಳುತ್ತಿತ್ತು.

"ಬೆಟಗೇರಿಯಾಕಿರಿ, ಕಲ್ಪನಾ ಅಂತ. ಇವತ್ತೊಂದಿನ ಇಲ್ಲೇ ಮಲಗ್ತೀನ್ರಿ. ಮುಂಜಾನೆದ್ದು ಹೊಂಡ್ತೀನಿ."

"ಮನಿ ಅಲ್ಲೇ ಕಾಣಾಕತ್ತೈತಿ, ನೀ ಇಲ್ಲಿ ಮಣ್ಣಾಗ ಮಲಗ್ತೀಯೇನ? ಬಂದಾಕಿನ್ನ ಫಕೀರಬಿ ಹೊಲದಾಗ ಮಲಗಿಸಿದ್ಲು ಅಂತ ಮಂದಿ ಮಾತಾಡ್ಬೇಕೇನ? ನಡಿ, ನಡಿ." ಎನ್ನುತ್ತಲೇ ನನ್ನ ಚೀಲ ಎತ್ತಿಕೊಂಡರು.

ನನಗೆ ತಡೆಯಲಾಗಲಿಲ್ಲ. "ಬಿಡ್ರಿ ಅದನ್ನ!" ಎಂದು ಗಾಡಿ ಕಲಿಯುವವರಿಗೆ ಒದರುವ ದನಿಯಲ್ಲೇ ಒದರಿದೆ. "ನನಗ ಒಬ್ಬಾಕಿನ ಇರಬೇಕಾಗೇತ್ರಿ. ಒಂದ ರಾತ್ರಿ! ಉಣ್ಣು ಅನ್ನಾವರು ಬ್ಯಾಡ, ಮಲಗು ಅನ್ನಾವರೂ ಬ್ಯಾಡ. ಯಾರೂ ಬ್ಯಾಡ. ನಿಮಗ ಹೆಂಗ ತಿಳೀಬೇಕದು!"

ಅವರು ಚೀಲ ಕೆಳಗಿಟ್ಟರು. ನನ್ನ ಮುಖ ನೋಡಿದರು. ಮನೆಯ ಕಡೆ ನಡೆದುಹೋದರು. ಪರರ ಹೊಲದಲ್ಲಿ ಟೆಂಟು ಹಾಕಿ, ಹೊಲದವರಿಗೇ ಬೈದಿದ್ದೆ. ನಾಚಿಕೆಯಿಂದ ಸತ್ತುಹೋದಂತಾಯಿತು.

ಸ್ವಲ್ಪ ಹೊತ್ತಿಗೆ ಅವರು ಮತ್ತೆ ಬಂದರು. ಒಂದು ಕೈಯಲ್ಲಿ ರೊಟ್ಟಿಯ ಗಂಟು, ಇನ್ನೊಂದು ಬಗಲಲ್ಲಿ ಕೌದಿ.

"ಉಣ್ಣು ಅನ್ನೂದಿಲ್ಲವ್ವಾ. ಇಲ್ಲಿಟ್ಟೇನಿ, ಅಷ್ಟ." ಟೆಂಟಿನ ಪಕ್ಕದಲ್ಲಿ ಕೌದಿ ಹಾಸಿ ಕೂತರು. "ನೀ ಒಬ್ಬಾಕಿನ ಇರು. ನಾ ಕಾಯ್ಕೊಂತ ಇಲ್ಲಿ ಕುಂಡ್ರತೇನಿ."

ಇಂಥವರ ಜೊತೆ ಜಗಳವಾಡುವುದು ಹೇಗೆ? ಬಾಯಿ ಮುಚ್ಚಿಕೊಂಡು ರೊಟ್ಟಿ, ಪುಂಡಿಪಲ್ಯ ಉಂಡೆ. ರುಚಿಯಾಗಿತ್ತು, ಅದಕ್ಕೂ ಸಿಟ್ಟು ಬಂತು. ಅವರು ಮಾತ್ರ ನನ್ನ ಕಡೆ ನೋಡುತ್ತಲೇ ಇರಲಿಲ್ಲ, ಟೆಂಟನ್ನೇ ನೋಡುತ್ತಿದ್ದರು.

"ಇದರ ಬಾಗಲಾ ಒಳಗಿಂದ ಹಾಕ್ಕೊಳಾಕ ಬರ್ತೈತೇನ?"

"ಬರ್ತೈತ್ರಿ" ಎಂದು ಜಿಪ್ಪು ಎಳೆದು ತೋರಿಸಿದೆ.

"ನಮ್ಮ ಮನ್ಯಾಗ ಬಚ್ಚಲಕ್ಕ ಅಷ್ಟ ಚಿಲಕ ಐತಿ. ಹಾಕಿದ ಕೂಡ್ಲೆ ಯಾರರ ಬಂದು ಬಡೀತಾರ. ಅಜ್ಜಿ ಅಂತಾರ, ಅತ್ತಿ ಅಂತಾರ, ಅಮ್ಮಾ ಅಂತಾರ." ನಕ್ಕರು. ಆಮೇಲೆ, ಸೀರೆ ಅಂಗಡಿಯಲ್ಲಿ ದುಬಾರಿ ಸೀರೆ ಮುಟ್ಟುವವರಂತೆ ಜಿಪ್ಪನ್ನು ಮುಟ್ಟಿದರು. "ಒಮ್ಮಿ ಒಳಗ ಹೋಗಿ ನೋಡ್ಲೇನ?"

ಚಪ್ಪಲಿ ಹೊರಗೆ ಬಿಟ್ಟು, ಬಾಗಿ ಒಳಗೆ ಹೋದರು. ಜಿಪ್ಪು ಸರ್ರನೆ ಮೇಲೇರಿತು.

ನಾನು ಕಾದೆ. ಇನ್ನೂ ಕಾದೆ. ಒಳಗಿನಿಂದ ಉಸಿರೂ ಕೇಳಿಸಲಿಲ್ಲ.

"ಅಮ್ಮಾರ, ತೆಗಿಯಾಕ ಬರವಲ್ದೇನ್ರಿ?"

"ಬರ್ತೈತವ್ವಾ." ಸ್ವಲ್ಪ ತಡೆದು ಮತ್ತೆ ದನಿ. "ಇರು ಸ್ವಲ್ಪ."

ಸಿಟ್ಟು ನೆತ್ತಿಗೇರಿತು. ನನ್ನ ಟೆಂಟು, ನನ್ನ ಪ್ರವಾಸ, ಇಡೀ ಜನ್ಮದಲ್ಲಿ ನಾನು ಕೇಳಿದ ಒಂದೇ ಒಂದು ರಾತ್ರಿ! ಮನೆಯಲ್ಲಿ ಮೈದುನನ ಮಕ್ಕಳು, ದಾರಿಯಲ್ಲಿ ಬಳಗ, ಇಲ್ಲಿ ಗುರುತಿಲ್ಲದ ಅಜ್ಜಿ. ಟೆಂಟಿನ ಬಟ್ಟೆ ಹಿಡಿದು ಅಲುಗಿಸಲು ಕೈ ಮುಂದೆ ಹೋಯಿತು. ಆಗ ಓಣಿಯ ಮೂಲೆ ನೆನಪಾಯಿತು, ನನ್ನ ಭುಜ ಅಲುಗಿಸಿದ ಆ ಪುಟ್ಟ ಕೈ ನೆನಪಾಯಿತು. ಕೈ ಹಿಂದಕ್ಕೆ ತಂದುಕೊಂಡೆ. ನಿಮಗೆ ಹೇಗೆ ತಿಳಿಯಬೇಕು ಅಂತ ಈ ಹೆಂಗಸಿಗೇ ಕೇಳಿದ್ದೆನಲ್ಲ!

ಅವರ ಕೌದಿ ಹೊದ್ದು ಬೈಕಿನ ಪಕ್ಕದಲ್ಲಿ ಮಲಗಿದೆ. ಎಚ್ಚರವಾದಾಗ ಮೂಡಣ ಕೆಂಪಾಗಿತ್ತು. ಟೆಂಟಿನ ಬಾಗಿಲು ಹಾಕಿಯೇ ಇತ್ತು.

ಹೊಲದ ಆಚೆಯಿಂದ ಒಬ್ಬ ಹೆಂಗಸು ಕಂಕುಳಲ್ಲಿ ಕೂಸು ಎತ್ತಿಕೊಂಡು, ಹಿಂದೆ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಬಂದಳು. "ನಾ ಸಬೀನಾ ಅಂತ್ರಿ, ಇದ ಮನಿಯಾಕಿ. ನಿಮ್ಮನ್ನ ಕಾಯಾಕ ಹೊಂಟೇನಿ ಅಂತ ಬಂದಿದ್ರು ನಮ್ಮತ್ತಿ. ಎಲ್ಲದಾರ್ರಿ?"

ಟೆಂಟಿನ ಬಟ್ಟೆಯಾಚೆ ಏನೋ ಸರಿದಾಡಿ ತಟ್ಟನೆ ನಿಂತಿತು. ಆಮೇಲೆ ಬಹಳ ಸಣ್ಣ ದನಿ ಬಂತು. "ಇಲ್ಲ ಅನ್ನು."

"ಇಲ್ಲರೀ" ಎಂದೆ ನಾನು, ಕಣ್ಣಲ್ಲಿ ಕಣ್ಣಿಟ್ಟು. "ಇಲ್ಲಿ ನಾನೊಬ್ಬಾಕಿನ ಅದೇನಿ."

ಸಬೀನಾ ಕೆಳಗೆ ನೋಡಿದಳು. ಟೆಂಟಿನ ಮುಂದೆ ಅವಳ ಅತ್ತೆಯ ಚಪ್ಪಲಿ ಇದ್ದವು. ಅವಳು ಅವನ್ನು ನೋಡಿದಳು, ನನ್ನನ್ನು ನೋಡಿದಳು. "ಅಜ್ಜೀ!" ಎಂದು ಕೂಗಲು ಬಾಯಿ ತೆಗೆದ ಹುಡುಗಿಯ ಬಾಯಿಗೆ ಕೈ ಅಡ್ಡ ಹಿಡಿದಳು.

"ಹಂಗಾರ ಅತ್ತಾಗ ಎಲ್ಲೆರ ಹೋಗಿರಬೇಕು ಬಿಡ್ರಿ" ಎಂದಳು, ಟೆಂಟಿನೊಳಗೆ ಕೇಳುವಷ್ಟು ಜೋರಾಗಿ. "ಸಿಕ್ರ ಹೇಳ್ರಿ, ರೊಟ್ಟಿ ನಾ ಬಡೀತೇನಿ, ಆರಾಮ ಬರ್ರಿ ಅಂತ."

ಮಕ್ಕಳನ್ನು ದಬ್ಬಿಕೊಂಡು ಹೋದಳು. ಹೋಗುತ್ತ ಒಮ್ಮೆ ತಿರುಗಿ ಟೆಂಟನ್ನು ನೋಡಿದಳು. ಆ ನೋಟ ನನಗೆ ಗೊತ್ತು.

"ಹೋದ್ಲೇನ?" ಒಳಗಿನಿಂದ ದನಿ.

"ಹೋದ್ಲ್ರಿ."

"ನೀನೂ ಸ್ವಲ್ಪ ಅತ್ತಾಗ ಹೋಗವ್ವಾ."

ಜೋರಾಗಿ ನಗು ಬಂತು, ಬಾಯಿಗೆ ಕೈ ಒತ್ತಿಕೊಂಡೆ. ಯಾರಿಗೂ ಕಾಣದಂತೆ ಚಪ್ಪಲಿಗಳನ್ನು ಟೆಂಟಿನ ಅಡಿಗೆ ಸರಿಸಿದೆ. ಬನಶಂಕರಿ ಉಡಿ ತುಂಬಿದ ತೆಂಗಿನಕಾಯಿಯನ್ನು ಕಲ್ಲಿಗೆ ಒಡೆದು, ಒಂದು ಹೋಳು ಹಿಡಿದುಕೊಂಡು ಮೆಣಸಿನಗಿಡಗಳ ನಡುವೆ ಹೊಲದ ಆ ತುದಿಯವರೆಗೆ ನಡೆದೆ. ಬದುವಿನ ಮೇಲೆ ಕೂತೆ. ಬಿಸಿಲು ಇನ್ನೂ ಎಳೆಯದಿತ್ತು. ಕೊಬ್ಬರಿ ಕಡಿಯುತ್ತ ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ.

ಅಲ್ಲಿ ಯಾರೂ ಇರಲಿಲ್ಲ.